ಸ್ಕಾಚ್ ಸುಂಕ ಇಳಿದರೆ ಯಾರ ಲೋಟ ತುಂಬುತ್ತದೆ?

2025ರ ಜುಲೈ ನಂತರ ಲಂಡನ್ನಿನ ಕನ್ನಡಿಗರಿಗೆ ಊರಿನಿಂದ ಬರುವ ಫೋನ್ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. ‘ಸ್ಕಾಚ್ ಇನ್ನು ಅರ್ಧ ಬೆಲೆಗೆ ಸಿಗುತ್ತಂತಲ್ಲ, ಹೌದಾ?’ ಕೇಳುವವರು ಹೆಚ್ಚಾಗಿ ಭಾವಮೈದಂದಿರು, ಇಲ್ಲವೇ ನಿವೃತ್ತರಾದ ಚಿಕ್ಕಪ್ಪಂದಿರು. ಪ್ರಶ್ನೆಗೆ ಕಾರಣ 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದ. ಲಂಡನ್ನಿನ ಹೊರವಲಯದಾಚೆ ಇರುವ ಚೆಕರ್ಸ್ ಬಂಗಲೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಮತ್ತು ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ಅವರ ಎದುರು ಈ ಸಹಿ ಬಿತ್ತು. ಅದರ ಪ್ರಕಾರ ಬ್ರಿಟನ್ನಿನಿಂದ ಬರುವ ವಿಸ್ಕಿ ಮತ್ತು ಜಿನ್ ಮೇಲಿನ ಆಮದು ಸುಂಕ ಶೇ 150ರಿಂದ ಶೇ 75ಕ್ಕೆ ಇಳಿಯುತ್ತದೆ. ಹತ್ತನೇ ವರ್ಷಕ್ಕೆ ಶೇ 40ಕ್ಕೆ ಬರುತ್ತದೆ. ಬ್ರಿಟನ್ ಸಂಸತ್ತಿನ ಪ್ರಕ್ರಿಯೆ ಮುಗಿದು 2026ರಲ್ಲಿ ಇದು ಜಾರಿಯಾಗುವ ನಿರೀಕ್ಷೆ ಸಹಿಯ ಹೊತ್ತಿಗೆ ಇತ್ತು.

ನಾನು ವೃತ್ತಿಯಲ್ಲಿ ಲೆಕ್ಕ ಪರಿಶೋಧಕ. ತಿಂಗಳಿಗೊಮ್ಮೆ ಶನಿವಾರ ಸಂಜೆ ಹ್ಯಾರೋ ಕಡೆಯ ಗೆಳೆಯರೊಬ್ಬರ ಮನೆಯಲ್ಲಿ ಸೇರುವ ಏಳೆಂಟು ಜನರ ವಿಸ್ಕಿ ರುಚಿಕೂಟದಲ್ಲಿ ಅಂಕಪಟ್ಟಿ ಬರೆಯುವ ಕೆಲಸವೂ ನನ್ನದೇ. ಹಾಗಾಗಿ ಭಾವಮೈದನ ಪ್ರಶ್ನೆಯನ್ನು ನಾಲಿಗೆಯ ಕಡೆಯಿಂದಲೂ ಲೆಡ್ಜರಿನ ಕಡೆಯಿಂದಲೂ ನೋಡುವ ಅವಕಾಶ ನನಗಿದೆ. ಎರಡೂ ಕಡೆಯಿಂದ ನೋಡಿದರೂ ಉತ್ತರ ‘ಅರ್ಧ ಬೆಲೆ’ ಎಂದು ಬರುವುದಿಲ್ಲ. ಒಪ್ಪಂದದಿಂದ ಲಾಭ ಆಗುವುದು ನಿಜ. ಅದು ಯಾರಿಗೆ ಎಂಬುದು ಬೇರೆ ಮಾತು.

ಮೊದಲು ರುಚಿಕೂಟದ ಬಗ್ಗೆ ಹೇಳಿಬಿಡುತ್ತೇನೆ. ‘ಟೇಸ್ಟಿಂಗ್’ ಎಂದರೆ ಊರಿನಲ್ಲಿ ಗುಂಡು ಹಾಕುವುದಕ್ಕೆ ಇಟ್ಟ ಇಂಗ್ಲಿಷ್ ಹೆಸರು ಎಂದುಕೊಂಡವರೇ ಹೆಚ್ಚು. ಒಬ್ಬೊಬ್ಬರಿಗೆ ಆರು ಲೋಟ, ಒಂದೊಂದರಲ್ಲಿ 15 ಮಿಲಿ. ಒಟ್ಟು 90 ಮಿಲಿ. ನಮ್ಮ ಭಾಷೆಯಲ್ಲಿ ಒಂದು ನೈಂಟಿ. ಇಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಅದು 3.6 ಯೂನಿಟ್, ವಾರಕ್ಕೆ 14 ಯೂನಿಟ್ ಮೀರಬೇಡಿ ಎಂಬುದು ಅವರ ಸಲಹೆ. ಅದನ್ನೂ ಮೂರು ಗಂಟೆ ಎಳೆಯುತ್ತೇವೆ, ಕೆಲವರು ಬಾಯಲ್ಲಿ ತಿರುಗಿಸಿ ಉಗುಳುತ್ತಾರೆ. ಕಾರು ತರುವ ಹಾಗಿಲ್ಲ. ಲೋಟ ತಳದಲ್ಲಿ ಉಬ್ಬಿ ಬಾಯಿ ಕಿರಿದಾದದ್ದು, ವಾಸನೆ ಒಂದೇ ಕಡೆ ನಿಲ್ಲಲಿ ಎಂದು. ಮೊದಲು ಮೂಗು, ಆಮೇಲೆ ನಾಲಿಗೆ, ಆಮೇಲೆ ಎರಡು ಹನಿ ನೀರು ಹಾಕಿ ಮತ್ತೊಮ್ಮೆ ಮೂಗು. ಐಸ್ ಇಲ್ಲ, ಸೋಡಾ ಇಲ್ಲ. ಅಂಕ ಬರೆದು ಮುಗಿಯುವ ತನಕ ಕಾಂಗ್ರೆಸ್ ಕಡ್ಲೆಬೀಜ ಮುಟ್ಟುವ ಹಾಗಿಲ್ಲ, ಏಕೆಂದರೆ ಒಂದು ಹಿಡಿ ಮಸಾಲೆ ಬಾಯಿಗೆ ಬಿದ್ದರೆ ಹದಿನೆಂಟು ವರ್ಷದ ಮಾಲ್ಟ್ ಕೂಡ ಬಿಸಿನೀರಾಗುತ್ತದೆ. ಈ ಕೊನೆಯ ನಿಯಮಕ್ಕೆ ಪ್ರತಿ ತಿಂಗಳೂ ವಿರೋಧ ಇದ್ದೇ ಇದೆ.

ಮುಖ್ಯ ನಿಯಮ ಒಂದೇ. ಬಾಟಲಿಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಒಂದರಿಂದ ಆರು ಎಂದು ನಂಬರು ಹಾಕಿರುತ್ತೇವೆ. ಯಾವುದು ಯಾವುದೆಂದು ಸುತ್ತಿದವರಿಗೆ ಮಾತ್ರ ಗೊತ್ತು, ಅವರು ಅಂದು ಅಂಕ ಕೊಡುವಂತಿಲ್ಲ. ಪೇಪರು ಬಿಚ್ಚಿದಾಗ ಕೋಣೆಯಲ್ಲಿ ಏಳುವ ಗದ್ದಲ ನೋಡಬೇಕು. ಸೂಪರ್‌ಮಾರ್ಕೆಟ್ಟಿನ ಸ್ವಂತ ಬ್ರ್ಯಾಂಡಿನ ಅಗ್ಗದ ಬಾಟಲಿಯೊಂದು ಮೂರು ಪಟ್ಟು ಬೆಲೆಯ ಸ್ಕಾಚನ್ನು ಹಿಂದೆ ಹಾಕಿದ್ದು ಒಂದೆರಡು ಸಲವಲ್ಲ. ಬೆಲೆ ಕಣ್ಣಿಗೆ ಕಂಡಾಗ ನಾಲಿಗೆ ಅದಕ್ಕೆ ತಕ್ಕ ಹಾಗೆ ಸಾಕ್ಷಿ ಹೇಳುತ್ತದೆ, ಮುಚ್ಚಿಟ್ಟರೆ ಹೇಳುವುದಿಲ್ಲ. ನಮ್ಮ ಕೂಟಕ್ಕೆ ಬರುವ ಇಬ್ಬರು ಬಾಟಲಿ ಮೇಲಿನ ‘12’, ‘18’ ಎಂಬ ಅಂಕಿ ನೋಡದೆ ಅಭಿಪ್ರಾಯ ಕೊಡುವುದಕ್ಕೇ ಒಂದು ವರ್ಷ ಹಿಡಿಯಿತು.

ಲಂಡನ್ ಇಂಥ ಕೂಟಗಳ ಊರು. ಸೋಹೊದ ಗ್ರೀಕ್ ಸ್ಟ್ರೀಟಿನಲ್ಲಿ ಮಿಲ್ರಾಯ್ಸ್ ಅಂಗಡಿ 1964ರಿಂದ ಇದೆ. ಫ್ಯಾರಿಂಗ್‌ಡನ್ ಹತ್ತಿರ ಸ್ಕಾಚ್ ಮಾಲ್ಟ್ ವಿಸ್ಕಿ ಸೊಸೈಟಿಯ ಸದಸ್ಯರ ಕೊಠಡಿ ಇದೆ. ಅಲ್ಲಿ ಬಾಟಲಿ ಮೇಲೆ ಭಟ್ಟಿಯ ಹೆಸರೇ ಇರುವುದಿಲ್ಲ, ಬರೀ ನಂಬರು. ಥೇಮ್ಸ್ ದಂಡೆಯ ಓಲ್ಡ್ ಬಿಲ್ಲಿಂಗ್ಸ್‌ಗೇಟ್ ಒಂದು ಕಾಲದ ಮೀನು ಮಾರುಕಟ್ಟೆ. ಅಲ್ಲಿ ನಡೆಯುವ ದೊಡ್ಡ ವಿಸ್ಕಿ ಮೇಳಕ್ಕೆ ಸ್ಕಾಟ್ಲೆಂಡಿನಿಂದ ತೈವಾನಿನವರೆಗಿನ ಭಟ್ಟಿಗಳು ಬರುತ್ತವೆ. ಅದನ್ನು ನಡೆಸುವ ದಿ ವಿಸ್ಕಿ ಎಕ್ಸ್‌ಚೇಂಜ್ ಹುಟ್ಟಿದ್ದು ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನ ಒಂದು ಪಂಜಾಬಿ ಕುಟುಂಬದ ಮದ್ಯದಂಗಡಿಯಿಂದ. ಅಪ್ಪ ಅಮ್ಮನ ಅಂಗಡಿಯಲ್ಲಿ ಬೆಳೆದ ಸುಖಿಂದರ್ ಸಿಂಗ್ ಮತ್ತು ರಾಜ್‌ಬೀರ್ ಸಿಂಗ್ ಸಹೋದರರು 1999ರಲ್ಲಿ ಇಂಟರ್‌ನೆಟ್ ಮೂಲಕ ವಿಸ್ಕಿ ಮಾರಲು ಶುರು ಮಾಡಿದರು. 2021ರಲ್ಲಿ ಫ್ರಾನ್ಸಿನ ಪೆರ್ನೊ ರಿಕಾ ಆ ಕಂಪನಿಯನ್ನು ಕೊಂಡಿತು. ವಲಸೆ ಬಂದವರ ಕಿರಾಣಿ ಗಲ್ಲೆಯಿಂದ ಇಷ್ಟು ದೂರ ಹೋದ ವ್ಯಾಪಾರ ಈ ಊರಿನಲ್ಲಿ ಹೆಚ್ಚಿಲ್ಲ.

ಈ ಊರುಗಳ ನಾಲಿಗೆಯೇ ಬೆಂಗಳೂರಿನ ಒಂದು ಭಟ್ಟಿಗೆ ದಾರಿ ಮಾಡಿಕೊಟ್ಟಿತು. ಜೆ.ಎನ್. ರಾಧಾಕೃಷ್ಣ ಜಗದಾಳೆ 1948ರಲ್ಲಿ ಆರಂಭಿಸಿದ ಅಮೃತ್ ಡಿಸ್ಟಿಲರೀಸ್ ದಶಕಗಳ ಕಾಲ ಎಲ್ಲರ ಹಾಗೆ ರಮ್, ಬ್ರಾಂದಿ, ಅಗ್ಗದ ವಿಸ್ಕಿ ಮಾಡಿಕೊಂಡಿತ್ತು. ಅವರ ಮಗ ನೀಲಕಂಠ ಜಗದಾಳೆ ಮೈಸೂರು ರಸ್ತೆಯ ಕಂಬೀಪುರದ ಭಟ್ಟಿಯಲ್ಲಿ ಬಾರ್ಲಿಯಿಂದ ಮಾಲ್ಟ್ ಇಳಿಸಿ ಪೀಪಾಯಿಗೆ ತುಂಬಿಸಿದರು. ಮೊಮ್ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಎಂಬಿಎ ಓದುವಾಗ, ಇದನ್ನು ಬ್ರಿಟನ್ನಿನಲ್ಲಿ ಮಾರಬಹುದೇ ಎಂಬುದನ್ನೇ ಪ್ರಾಜೆಕ್ಟ್ ಮಾಡಿಕೊಂಡರು. ಅಮೃತ್ ಸಿಂಗಲ್ ಮಾಲ್ಟ್ ಬಿಡುಗಡೆಯಾದದ್ದು 2004ರ ಆಗಸ್ಟ್ 24ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬೆಂಗಳೂರಿನ ಅಂಗಡಿಗೆ ಅದು ಬಂದದ್ದು 2010ರಲ್ಲಿ, ಆರು ವರ್ಷ ತಡವಾಗಿ. ನಡುವೆ ಏನಾಯಿತೆಂದರೆ, ವಿಮರ್ಶಕ ಜಿಮ್ ಮರ್ರೆ ತನ್ನ 2010ರ ‘ವಿಸ್ಕಿ ಬೈಬಲ್’ನಲ್ಲಿ ಅಮೃತ್ ಫ್ಯೂಷನ್‌ಗೆ 100ಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿ ಕೂರಿಸಿದರು. ಮೂಲೆಯಲ್ಲಿದ್ದ ಬಾಟಲಿ ಮುಂದಿನ ಸಾಲಿಗೆ ಬಂತು. ಒಬ್ಬ ಮನುಷ್ಯನ ನಾಲಿಗೆಗೆ ಇಷ್ಟೊಂದು ಅಧಿಕಾರ ಇರಬೇಕೇ ಎಂದು ನನಗೆ ಈಗಲೂ ಅನುಮಾನವಿದೆ. ಆದರೆ ಅದೇ ಕಾಲಕ್ಕೆ, 2010ರ ಜನವರಿಯಲ್ಲಿ, ‘ದಿ ಟೈಮ್ಸ್’ ಪತ್ರಿಕೆ ಸ್ಕಾಟ್ಲೆಂಡಿನಲ್ಲೇ ಹೆಸರು ಮುಚ್ಚಿ ನಡೆಸಿದ ಪರೀಕ್ಷೆಯಲ್ಲಿ ತೈವಾನಿನ ಕಾವಲಾನ್ ಗೆದ್ದಿತ್ತು. ಬಿಸಿ ದೇಶದಲ್ಲಿ ಒಳ್ಳೆಯ ವಿಸ್ಕಿ ಆಗುವುದಿಲ್ಲ ಎಂಬ ಮಾತು ಆ ಚಳಿಗಾಲಕ್ಕೆ ಸವಕಲಾಯಿತು. 2012ರಲ್ಲಿ ಬೆಂಗಳೂರಿನಲ್ಲೇ ಕಚೇರಿಯಿರುವ ಜಾನ್ ಡಿಸ್ಟಿಲರೀಸ್ ತನ್ನ ಗೋವಾ ಭಟ್ಟಿಯ ಪಾಲ್ ಜಾನ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಲಂಡನ್ನಿನಲ್ಲಿ.

ಹವೆಯ ವಿಷಯ ಲೆಕ್ಕದವರಿಗೆ ಬಹಳ ರುಚಿಕರ. ಓಕ್ ಪೀಪಾಯಿಯಲ್ಲಿಟ್ಟ ವಿಸ್ಕಿ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ. ಇದಕ್ಕೆ ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಅದು ವರ್ಷಕ್ಕೆ ಶೇ 2ರಷ್ಟು. ಬೆಂಗಳೂರಿನಲ್ಲಿ ಶೇ 10ರಿಂದ 12. ಬಿಕಾಂನಲ್ಲಿ ಸವಕಳಿ ಲೆಕ್ಕ ಮಾಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ: ಪ್ರತಿ ವರ್ಷ ಉಳಿದದ್ದರ ಮೇಲೆ ಶೇಕಡಾವಾರು ಕಳೆಯುವ ಪದ್ಧತಿ. 200 ಲೀಟರಿನ ಪೀಪಾಯಿಯಲ್ಲಿ ವರ್ಷಕ್ಕೆ ಶೇ 11 ಹೋದರೆ ಬೆಂಗಳೂರಿನಲ್ಲಿ ಐದು ವರ್ಷಕ್ಕೆ ಉಳಿಯುವುದು 112 ಲೀಟರ್. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ವರ್ಷ ಇಟ್ಟರೂ 157 ಲೀಟರ್ ಉಳಿಯುತ್ತದೆ. ಹಾಗಾಗಿ ನಮ್ಮ ಮಾಲ್ಟ್ ಬಾಟಲಿಗಳ ಮೇಲೆ ‘12’, ‘18’ ಎಂದು ಬರೆಯುವುದು ದುಬಾರಿ ಹುಚ್ಚಾಟ. ಅಲ್ಲಿಯ ಸೆಖೆಗೆ ಮರದ ಸತ್ವ ಬೇಗ ಇಳಿಯುತ್ತದೆ, ಬೇಗ ಮಾಗುತ್ತದೆ. ಅಂಕಿ ನೋಡಿ ಕೊಳ್ಳುವವರಿಗೆ ಇದು ತಿಳಿಯುವುದಿಲ್ಲ, ಪೇಪರು ಸುತ್ತಿ ಕುಡಿದವರಿಗೆ ತಿಳಿಯುತ್ತದೆ.

ಈಗ ಭಾವಮೈದನ ಬಾಟಲಿಗೆ ಬರೋಣ. ಬಂದರಿಗೆ ಬಂದಿಳಿದಾಗ ಒಂದು ಸ್ಕಾಚ್ ಬಾಟಲಿಯ ಬೆಲೆ ₹500 ಎಂದು ಇಟ್ಟುಕೊಳ್ಳಿ. ಇದು ಲೆಕ್ಕಕ್ಕಾಗಿ ನಾನು ಹಿಡಿದ ಅಂಕಿ. ಶೇ 150 ಸುಂಕ ಎಂದರೆ ₹750, ಒಟ್ಟು ₹1,250. ಶೇ 75 ಆದರೆ ಸುಂಕ ₹375, ಒಟ್ಟು ₹875. ಉಳಿತಾಯ ₹375. ಅದೇ ಬಾಟಲಿ ಬೆಂಗಳೂರಿನ ಅಂಗಡಿಯಲ್ಲಿ ₹3,000ಕ್ಕೆ ಮಾರುತ್ತಿದ್ದರೆ, ಇಳಿದದ್ದು ಎಂಟರಲ್ಲಿ ಒಂದು ಭಾಗ. ಅದೂ ಆಮದುದಾರ ಇಡೀ ಉಳಿತಾಯವನ್ನು ಗಿರಾಕಿಗೇ ಬಿಟ್ಟುಕೊಟ್ಟರೆ. ಹತ್ತು ವರ್ಷ ಕಾದು ಸುಂಕ ಶೇ 40 ಆದಾಗಲೂ ಉಳಿತಾಯ ₹550 ಅಷ್ಟೇ. ಮಿಕ್ಕ ಭಾರವೆಲ್ಲ ಬಂದರಿನಿಂದ ಈಚೆಗೆ ಬೀಳುವಂಥದ್ದು.

ಏಕೆಂದರೆ ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ. ಅದರ ತೆರಿಗೆ ರಾಜ್ಯದ ಕೈಯಲ್ಲಿದೆ. ಕರ್ನಾಟಕದಲ್ಲಿ 2003ರಿಂದ ಸಗಟು ವ್ಯಾಪಾರ ಸರ್ಕಾರದ್ದೇ ಆದ ಪಾನೀಯ ನಿಗಮದ ಮೂಲಕ ನಡೆಯುತ್ತದೆ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ₹40,000 ಕೋಟಿ ಬರಬೇಕೆಂದು ಗುರಿ ಇಟ್ಟಿದ್ದರು. 2023ರ ಜುಲೈ ಬಜೆಟ್ಟಿನಲ್ಲಿ ದೇಶೀಯವಾಗಿ ತಯಾರಾಗುವ ಮದ್ಯದ ಹೆಚ್ಚುವರಿ ಸುಂಕವನ್ನು ಶೇ 20 ಏರಿಸಿದ್ದರು. ದುಬಾರಿ ಬಾಟಲಿಗಳ ಗಿರಾಕಿ ಪಕ್ಕದ ರಾಜ್ಯಗಳಿಗೆ ಹೋಗತೊಡಗಿದ ಮೇಲೆ 2024ರ ಆಗಸ್ಟ್‌ನಲ್ಲಿ ಆ ಮೇಲ್ದರ್ಜೆಯ ಬೆಲೆ ಇಳಿಸಿದರು. ದೆಹಲಿ ಬಿಟ್ಟುಕೊಟ್ಟ ಸುಂಕದ ಜಾಗಕ್ಕೆ ರಾಜ್ಯಗಳು ಕೈ ಹಾಕುವುದಿಲ್ಲ ಎಂದು ಒಪ್ಪಂದದಲ್ಲಿ ಯಾರೂ ಬರೆದುಕೊಟ್ಟಿಲ್ಲ.

ಸ್ಕಾಚಿನ ತವರಿನಲ್ಲೇನು ಅಗ್ಗ ಎಂದುಕೊಳ್ಳಬೇಡಿ. 2025ರ ಫೆಬ್ರುವರಿಯಿಂದ ಬ್ರಿಟನ್ನಿನಲ್ಲಿ ಶುದ್ಧ ಮದ್ಯಸಾರದ ಪ್ರತಿ ಲೀಟರಿಗೆ £32.79 ಸುಂಕವಿತ್ತು. ಶೇ 40ರ 70 ಸೆಂಟಿಲೀಟರ್ ಬಾಟಲಿಯಲ್ಲಿ ಅದು £9.18 ಆಗುತ್ತಿತ್ತು. £20ರ ಬಾಟಲಿಯಾದರೆ ವ್ಯಾಟ್ ಇನ್ನೊಂದು £3.33. ಇಪ್ಪತ್ತರಲ್ಲಿ ಹನ್ನೆರಡೂವರೆ ಪೌಂಡ್ ಖಜಾನೆಗೆ. (ವ್ಯಾಟ್ 69 ಎಂಬ ಸ್ಕಾಚಿಗೂ ಈ ತೆರಿಗೆಗೂ ಸಂಬಂಧವಿಲ್ಲ, ಅದು ದೊಡ್ಡ ಪೀಪಾಯಿ ಎಂಬರ್ಥದ ವ್ಯಾಟ್. ನನ್ನ ಕಚೇರಿಯ ಹಳಸಲು ಜೋಕು ಇದೇ.)

ಇದೇ ಕಾರಣಕ್ಕೆ ರಜೆಗೆ ಬರುವ ಮಗ ಲಂಡನ್ನಿನ ಅಂಗಡಿಯಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಹೊತ್ತು ತರುವುದರಲ್ಲಿ ದೊಡ್ಡ ಉಳಿತಾಯವೇನಿಲ್ಲ. ತರಲೇಬೇಕೆಂದರೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ ಎರಡು ಲೀಟರ್. 70 ಸೆಂಟಿಲೀಟರಿನ ಮೂರು ಬಾಟಲಿ 2.1 ಲೀಟರ್ ಆಗುತ್ತದೆ, ಮಿತಿ ದಾಟುತ್ತದೆ. ಮೂರು ಮಾವಂದಿರಿಗೆ ಮೂರು ಬಾಟಲಿ ಎಂದು ಹಟ ಹಿಡಿಯುವ ಮನೆಯವರು ಇದನ್ನು ಗಮನಿಸಬೇಕು.

ಹಾಗಾದರೆ ಒಪ್ಪಂದದ ಲಾಭ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಸ್ಕಾಚ್ ವಿಸ್ಕಿ ಸಂಘದ 2024ರ ರಫ್ತು ಲೆಕ್ಕದಲ್ಲೇ ಇದೆ. ಆ ವರ್ಷ ಭಾರತ 19.2 ಕೋಟಿ ಬಾಟಲಿಯಷ್ಟು ಸ್ಕಾಚ್ ಕೊಂಡಿತು, ಪ್ರಮಾಣದಲ್ಲಿ ಜಗತ್ತಿಗೇ ಮೊದಲ ಸ್ಥಾನ. ಕೊಟ್ಟ ಹಣ £24.8 ಕೋಟಿ. ಭಾಗಿಸಿ ನೋಡಿ: ಬಾಟಲಿಗೆ £1.29, ಸುಮಾರು ₹150. ಇಡೀ ಜಗತ್ತಿನ ಸರಾಸರಿ ತೆಗೆದರೆ 140 ಕೋಟಿ ಬಾಟಲಿಗೆ £540 ಕೋಟಿ, ಅಂದರೆ £3.86. ಭಾರತಕ್ಕೆ ಮಾತ್ರ ಮೂರನೇ ಒಂದು ಭಾಗದ ಬೆಲೆಗೆ ಸ್ಕಾಚ್ ಕೊಡುತ್ತಾರೆಯೇ? ಇಲ್ಲ. ಭಾರತಕ್ಕೆ ಹೋಗುವುದರಲ್ಲಿ ದೊಡ್ಡ ಪಾಲು ಬಾಟಲಿಯಲ್ಲಿ ಹೋಗುವುದೇ ಇಲ್ಲ, ಟ್ಯಾಂಕುಗಳಲ್ಲಿ ಹೋಗುತ್ತದೆ. ಅಲ್ಲಿ ಅದರಲ್ಲಿ ಸ್ವಲ್ಪ ಸ್ಕಾಚ್ ಎಂದೇ ಬಾಟಲಿಯಾಗುತ್ತದೆ. ಉಳಿದದ್ದು ದೇಶೀಯ ವಿಸ್ಕಿಗೆ ವಾಸನೆ, ಬಣ್ಣ, ಮರ್ಯಾದೆ ತಂದುಕೊಡಲು ಬೆರೆಯುತ್ತದೆ.

ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುವ ‘ವಿಸ್ಕಿ’ಯ ಮೂಲ ಬಹುಮಟ್ಟಿಗೆ ಕಾಕಂಬಿ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಇಳಿಸಿದ ಮದ್ಯಸಾರವನ್ನು ಬ್ರಿಟನ್, ಯುರೋಪಿನಲ್ಲಿ ವಿಸ್ಕಿ ಎಂದು ಕರೆಯುವಂತಿಲ್ಲ; ಇಲ್ಲಿ ವಿಸ್ಕಿ ಎಂದರೆ ಧಾನ್ಯದ್ದೇ ಆಗಬೇಕು, ಮೂರು ವರ್ಷ ಮರದ ಪೀಪಾಯಿಯಲ್ಲಿ ಕೂತಿರಬೇಕು. ಆ ಕಾಕಂಬಿಯ ಸಾರಕ್ಕೆ ಬೆರೆಸುವ ಸ್ಕಾಚಿಗೂ ಸುಂಕ ಇಳಿಯುತ್ತದೆ. ಇಂಥ ಮಿಶ್ರಣದ ದೊಡ್ಡ ಕಂಪನಿ ಯುನೈಟೆಡ್ ಸ್ಪಿರಿಟ್ಸ್, ಅದರ ಕೇಂದ್ರ ಕಚೇರಿ ಬೆಂಗಳೂರು. ಅದರ ಅರ್ಧಕ್ಕಿಂತ ಹೆಚ್ಚು ಷೇರು ಲಂಡನ್ನಿನ ಡಿಯಾಜಿಯೊ ಕೈಯಲ್ಲಿದೆ. ಡಿಯಾಜಿಯೊ ಜಗತ್ತಿನ ಅತಿ ದೊಡ್ಡ ಸ್ಕಾಚ್ ತಯಾರಕ. ಮಾರುವ ಮನೆಯೂ ಕೊಳ್ಳುವ ಮನೆಯೂ ಒಂದೇ ಕುಟುಂಬದ್ದಾದಾಗ ಸುಂಕ ಇಳಿಕೆ ಯಾರ ಲೆಡ್ಜರಿನಲ್ಲಿ ಜಮೆ ಆಗುತ್ತದೆಂದು ಹೇಳಲು ಸಿಎ ಪಾಸಾಗಬೇಕಿಲ್ಲ. ಇದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಇರುವುದೇ ಹೀಗೆ. ಆದರೆ ಊರಿನಲ್ಲಿ ಇದನ್ನು ಭಾವಮೈದನಿಗೆ ಸಿಕ್ಕ ಉಡುಗೊರೆ ಎಂದು ಸಂಭ್ರಮಿಸುತ್ತಿರುವುದು ಮಾತ್ರ ವಿಚಿತ್ರ.

ಬೆಂಗಳೂರು ಮತ್ತು ಸ್ಕಾಟ್ಲೆಂಡಿನ ಈ ನಂಟು ಇಂದು ನಿನ್ನೆಯದಲ್ಲ. ಖೋಡೆ ಕಂಪನಿ 1968ರಿಂದ ‘ಪೀಟರ್ ಸ್ಕಾಟ್’ ಎಂಬ ವಿಸ್ಕಿ ಮಾರುತ್ತಿತ್ತು. ಆ ಹೆಸರು ಜನರನ್ನು ದಾರಿ ತಪ್ಪಿಸುತ್ತದೆಂದು ಸ್ಕಾಚ್ ವಿಸ್ಕಿ ಸಂಘ ವರ್ಷಗಟ್ಟಲೆ ಹೋರಾಡಿತು. 2008ರ ಮೇ 27ರಂದು ಸುಪ್ರೀಂ ಕೋರ್ಟ್ ಖೋಡೆ ಪರ ತೀರ್ಪು ಕೊಟ್ಟಿತು. ಹೆಸರು ಗೊತ್ತಿದ್ದೂ ಸಂಘ ಬಹಳ ವರ್ಷ ಸುಮ್ಮನಿತ್ತು ಎಂಬುದು ಒಂದು ಕಾರಣ. ಇಂಥ ವಿಸ್ಕಿ ಕೊಳ್ಳುವವರು ವ್ಯತ್ಯಾಸ ತಿಳಿಯದಷ್ಟು ದಡ್ಡರಲ್ಲ ಎಂಬುದು ಇನ್ನೊಂದು. ಪೇಪರು ಸುತ್ತಿದ ಬಾಟಲಿಗಳೆದುರು ಕೂತಾಗಲೆಲ್ಲ ಆ ಎರಡನೇ ಕಾರಣ ನೆನಪಾಗಿ ನಗು ಬರುತ್ತದೆ. ಅದಕ್ಕೆ ಒಂದು ವರ್ಷ ಮೊದಲು, 2007ರಲ್ಲಿ, ವಿಜಯ್ ಮಲ್ಯ ಅವರ ಕಾಲದ ಯುನೈಟೆಡ್ ಸ್ಪಿರಿಟ್ಸ್ ಗ್ಲಾಸ್ಗೋದ ವೈಟ್ ಅಂಡ್ ಮೆಕೆ ಕಂಪನಿಯನ್ನೇ £59.5 ಕೋಟಿಗೆ ಕೊಂಡಿತ್ತು. ಯುನೈಟೆಡ್ ಸ್ಪಿರಿಟ್ಸ್ ಡಿಯಾಜಿಯೊ ಪಾಲಾಗುತ್ತಿದ್ದಂತೆ ಒಂದೇ ಕೈಯಲ್ಲಿ ಇಷ್ಟು ಸ್ಕಾಚ್ ಬೇಡವೆಂದು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ತಕರಾರು ತೆಗೆಯಿತು. 2014ರಲ್ಲಿ ಅದನ್ನು ಫಿಲಿಪ್ಪೀನ್ಸ್‌ನವರಿಗೆ £43 ಕೋಟಿಗೆ ಮಾರಿದರು. £16.5 ಕೋಟಿ ನಷ್ಟ.

ಅಮೃತ್‌ನಂಥ ನಮ್ಮ ಮಾಲ್ಟ್‌ಗಳ ಗತಿಯೇನು? ಬ್ರಿಟನ್ನಿಗೆ ಬರುವ ವಿಸ್ಕಿಗೆ ಮೊದಲಿನಿಂದಲೂ ಆಮದು ಸುಂಕ ಸೊನ್ನೆ. ಹಾಗಾಗಿ ಒಪ್ಪಂದದಿಂದ ಅವರಿಗೆ ಇಲ್ಲಿ ಹೊಸದಾಗಿ ಸಿಗುವ ರಿಯಾಯಿತಿ ಏನೂ ಇಲ್ಲ. ಊರಿನಲ್ಲಿ ಮಾತ್ರ ಸ್ಕಾಚ್ ಮಾಲ್ಟ್‌ನೊಂದಿಗೆ ಬೆಲೆಯ ಪೈಪೋಟಿ ಹೆಚ್ಚುತ್ತದೆ. ಭಾರತೀಯ ಮದ್ಯ ಕಂಪನಿಗಳ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಭಾರತದಲ್ಲಿ ಮಾರಾಟವಾದ ಸಿಂಗಲ್ ಮಾಲ್ಟ್‌ಗಳಲ್ಲಿ ಶೇ 53ರಷ್ಟು ದೇಶೀಯವಾಗಿದ್ದವು. ಈ ಅಂಕಿ ಮುಂದೆ ಎತ್ತ ಹೋಗುತ್ತದೆಂದು ನೋಡಬೇಕು. ಒಕ್ಕೂಟದ ಇನ್ನೊಂದು ಬೇಡಿಕೆ ಬ್ರಿಟನ್ನಿನ ಮೂರು ವರ್ಷದ ನಿಯಮ ಸಡಿಲಿಸಬೇಕು ಎಂಬುದು. ಬಿಸಿ ದೇಶದಲ್ಲಿ ಮೂರು ವರ್ಷಕ್ಕೆ ಪೀಪಾಯಿಯ ಶೇ 30 ಆವಿಯಾಗಿ ಹೋಗುತ್ತದೆ ಎಂಬ ಅವರ ನೋವು ಲೆಕ್ಕಕ್ಕೆ ಸರಿಯಾಗಿದೆ. ಆದರೂ ನನಗೆ ಆ ಬೇಡಿಕೆ ಒಪ್ಪಿಗೆಯಿಲ್ಲ. ಅವರದೇ ನಿಯಮದಲ್ಲಿ, ಅವರದೇ ಊರಿನಲ್ಲಿ ಗೆದ್ದದ್ದರಿಂದಲೇ ಕಂಬೀಪುರದ ಬಾಟಲಿ ಇಲ್ಲಿನ ಒಳ್ಳೆಯ ಅಂಗಡಿಗಳ ಕಪಾಟಿನಲ್ಲಿ ಸ್ಕಾಚ್ ಪಕ್ಕ ಕೂತಿದೆ. ನಿಯಮ ಸಡಿಲಿಸಿದರೆ ಅದರ ಹಿಂದೆ ಬರುವುದು ಇನ್ನಷ್ಟು ಅಮೃತ್ ಅಲ್ಲ, ಅವಸರದ ಮಾಲು.

ಹೋದ ತಿಂಗಳ ಕೂಟಕ್ಕೆ ಬೆಂಗಳೂರಿನ ಕಂಪನಿಗಳಿಂದ ಇಲ್ಲಿಗೆ ಬಂದಿರುವ ನಾಲ್ವರು ಯುವಕರು ಬಂದಿದ್ದರು. ಸ್ಕಾಚ್ ಸುಂಕ 75, ಆಮೇಲೆ 40 ಎಂಬುದು ನಾಲ್ವರಿಗೂ ಬಾಯಿಪಾಠ. ಒಪ್ಪಂದದ ಜೊತೆಗೇ ಪ್ರಕಟವಾದ, ಅವರ ಸಂಬಳಕ್ಕೇ ಸಂಬಂಧಿಸಿದ ಇನ್ನೊಂದು ವಿಷಯ ಒಬ್ಬರಿಗೂ ಗೊತ್ತಿರಲಿಲ್ಲ. ಅದು ಸಾಮಾಜಿಕ ಭದ್ರತೆಯ ವಂತಿಗೆಯನ್ನು ಎರಡೂ ದೇಶಗಳಲ್ಲಿ ಕಟ್ಟುವುದನ್ನು ತಪ್ಪಿಸುವ ಒಪ್ಪಂದ.

ಭಾರತದ ಕಂಪನಿ ತಾತ್ಕಾಲಿಕವಾಗಿ ಕಳಿಸಿದ ನೌಕರನಿಗೆ 2025ರಲ್ಲಿ ಮೊದಲ 52 ವಾರ ಮಾತ್ರ ಬ್ರಿಟನ್ನಿನ ನ್ಯಾಷನಲ್ ಇನ್ಶೂರೆನ್ಸ್‌ನಿಂದ ವಿನಾಯಿತಿ. ಇದನ್ನು ಮೂರು ವರ್ಷದವರೆಗೆ ವಿಸ್ತರಿಸುವುದಾಗಿ 2025ರಲ್ಲಿ ಎರಡೂ ಸರ್ಕಾರ ಪ್ರಕಟಿಸಿದ್ದವು. ಆ ಅವಧಿಯಲ್ಲಿ ಊರಿನಲ್ಲಿ ಪಿಎಫ್ ಕಟ್ಟಿದರೆ ಸಾಕು. ವರ್ಷಕ್ಕೆ £55,000 ಸಂಬಳದ ಮೇಲೆ 2025–26ರ ದರದಲ್ಲಿ ನೌಕರ ಕಟ್ಟುವುದು £3,110, ಅಂದರೆ ಮೂರೂವರೆ ಲಕ್ಷ ರೂಪಾಯಿಗೂ ಹೆಚ್ಚು. ಕಂಪನಿ ಕಟ್ಟುವುದು £7,500. ಇಲ್ಲಿನ ಸರ್ಕಾರಿ ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ವಂತಿಗೆ ಬೇಕು. ಮೂರು ವರ್ಷಕ್ಕೆ ಊರಿಗೆ ಮರಳುವವರು ಕಟ್ಟಿದ್ದು ಆ ಲೆಕ್ಕಕ್ಕೆ ಮುಟ್ಟುವುದೇ ಇಲ್ಲ. ಒಂದು ಸ್ಕಾಚ್ ಬಾಟಲಿಯ ಮೇಲೆ ₹375 ಉಳಿಯುತ್ತದೆಂದು ಕಾಯುತ್ತಿರುವ ಮನೆಗೆ ವರ್ಷಕ್ಕೆ ಮೂರೂವರೆ ಲಕ್ಷದ ವಿಷಯ ತಲುಪಿಲ್ಲ.

ಆದರೆ ಇದು ಎಲ್ಲರಿಗೂ ಅಲ್ಲ. ಇಲ್ಲಿನ ಕಂಪನಿಯಲ್ಲೇ ನೇರವಾಗಿ ಕೆಲಸಕ್ಕೆ ಸೇರಿದವರಿಗೆ, ಬಹುತೇಕ ನರ್ಸ್‌ಗಳಿಗೆ, ಆರೈಕೆ ಕೆಲಸಗಾರರಿಗೆ ಅನ್ವಯಿಸುವುದಿಲ್ಲ. ವೀಸಾ ಜೊತೆ ವರ್ಷಕ್ಕೆ £1,035ರಂತೆ ಕಟ್ಟುವ ಆರೋಗ್ಯ ಶುಲ್ಕವೂ ಹಾಗೇ ಉಳಿಯುತ್ತದೆ. ಇನ್ನು ಕೆಲವು ಕಂಪನಿಗಳು ನೌಕರನಿಗೆ ಕೈಗೆ ಸಿಗುವ ಮೊತ್ತವನ್ನಷ್ಟೇ ಗೊತ್ತು ಮಾಡಿ ತೆರಿಗೆ, ವಂತಿಗೆಗಳನ್ನು ತಾವೇ ನೋಡಿಕೊಳ್ಳುತ್ತವೆ. ಅಂಥ ಕಡೆ ನೌಕರನ ಪಾಲಿನ ಉಳಿತಾಯವೂ ಕಂಪನಿಯ ಜೇಬಿಗೇ ಹೋಗುತ್ತದೆ. ಹಾಗಾಗಿ ಭಾನುವಾರ ಮಗನೋ ಮಗಳೋ ಫೋನ್ ಮಾಡಿದಾಗ ಕೇಳಬೇಕಾದದ್ದು ಎರಡು. ನಿನ್ನ ನೇಮಕಾತಿ ಪತ್ರ ಊರಿನ ಕಂಪನಿಯದೋ ಇಲ್ಲಿನದೋ? ಸಂಬಳ ಗೊತ್ತು ಮಾಡಿದ್ದು ಕಡಿತಕ್ಕೆ ಮುಂಚಿನ ಲೆಕ್ಕದಲ್ಲೋ, ಕೈಗೆ ಬರುವ ಲೆಕ್ಕದಲ್ಲೋ? ಊರಿನದು, ಕಡಿತಕ್ಕೆ ಮುಂಚಿನದು ಎಂಬ ಉತ್ತರ ಬಂದರೆ, ಹೊಸ ನಿಯಮ ಜಾರಿಯಾದ ಕೂಡಲೇ ವಿನಾಯಿತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಬಗ್ಗೆ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಈಗಲೇ ಒಂದು ಇಮೇಲ್ ಬರೆಯಲು ಹೇಳಿ.